ಕೆವಿನ್ ರಡ್ ವಾಷಿಂಗ್ಟನ್ ಬಿಟ್ಟಿದ್ದೇಕೆ? ರಾಜಕಾರಣಿಯನ್ನು ರಾಯಭಾರಿ ಮಾಡಿದರೆ ಆಗುವ ಲಾಭ, ನಷ್ಟ

2025ರ ಅಕ್ಟೋಬರ್ 20. ಶ್ವೇತಭವನದ ಸಂಪುಟ ಕೊಠಡಿಯಲ್ಲಿ ಡೊನಾಲ್ಡ್ ಟ್ರಂಪ್ ಮತ್ತು ಆಸ್ಟ್ರೇಲಿಯಾ ಪ್ರಧಾನಿ ಆಂಥೊನಿ ಆಲ್ಬನೀಸಿ ಪತ್ರಕರ್ತರ ಮುಂದೆ ಕೂತಿದ್ದರು. ಆಸ್ಟ್ರೇಲಿಯಾದ ರಾಯಭಾರಿ ಹಿಂದೆ ನಿಮ್ಮ ಬಗ್ಗೆ ಕೆಟ್ಟದಾಗಿ ಮಾತಾಡಿದ್ದರಲ್ಲ ಎಂದು ಪತ್ರಕರ್ತರೊಬ್ಬರು ಕೇಳಿದರು. ಯಾರವರು, ಎಲ್ಲಿದ್ದಾರೆ, ಇನ್ನೂ ನಿಮ್ಮ ಬಳಿಯೇ ಕೆಲಸ ಮಾಡುತ್ತಿದ್ದಾರಾ ಎಂದು ಟ್ರಂಪ್ ಕೇಳಿದರು. ಆಲ್ಬನೀಸಿ ಮೇಜಿನ ಆಚೆ ಬದಿಗೆ ಕೈ ತೋರಿಸಿದರು. ಅಲ್ಲಿ ಕೂತಿದ್ದವರು ಕೆವಿನ್ ರಡ್. ‘ಅದು ಈ ಹುದ್ದೆಗೆ ಬರುವ ಮುಂಚಿನ ಮಾತು, ಅಧ್ಯಕ್ಷರೇ’ ಎಂದು ರಡ್ ವಿವರಿಸಲು ಹೊರಟರು. ಟ್ರಂಪ್ ಕೇಳಿಸಿಕೊಳ್ಳಲಿಲ್ಲ. ನನಗೂ ನಿಮ್ಮನ್ನು ಕಂಡರೆ ಇಷ್ಟವಿಲ್ಲ, ಬಹುಶಃ ಮುಂದೆಯೂ ಇಷ್ಟವಾಗುವುದಿಲ್ಲ ಎಂದುಬಿಟ್ಟರು.

ಈ ತುಣುಕು ಲೋಕವೆಲ್ಲ ಓಡಾಡಿತು. ಆದರೆ ಅದೇ ದಿನ, ಅದೇ ಕೊಠಡಿಯಲ್ಲಿ ಎರಡೂ ದೇಶಗಳು ನಿರ್ಣಾಯಕ ಖನಿಜಗಳ ಬಗ್ಗೆ 850 ಕೋಟಿ ಡಾಲರ್ ಯೋಜನೆಗಳ ಒಪ್ಪಂದಕ್ಕೆ ಸಹಿ ಹಾಕಿದವು. ರಡ್ ಹುದ್ದೆಯಲ್ಲೇ ಉಳಿದರು. ಆಮೇಲೆ 2026ರ ಜನವರಿಯಲ್ಲಿ ಇನ್ನೊಂದು ಸುದ್ದಿ ಬಂತು: ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ, ಮಾರ್ಚ್ 31ಕ್ಕೆ ರಡ್ ಹುದ್ದೆ ಬಿಡುತ್ತಾರೆ, ನ್ಯೂಯಾರ್ಕಿನ ಏಷ್ಯಾ ಸೊಸೈಟಿಗೆ ಅಧ್ಯಕ್ಷರಾಗಿ ಹೋಗುತ್ತಾರೆ.

ಓದುಗರಿಗೆ ಗೊಂದಲ ಆಗುವುದು ಸಹಜ. ಅಧ್ಯಕ್ಷನಿಗೆ ಇಷ್ಟವಿಲ್ಲದ ರಾಯಭಾರಿಯನ್ನು ಆಗಲೇ ಯಾಕೆ ಕಳಿಸಲಿಲ್ಲ? ಕೆಲಸ ಚೆನ್ನಾಗಿಯೇ ನಡೆಯುತ್ತಿದ್ದರೆ ಆಮೇಲೆ ಯಾಕೆ ಬಿಟ್ಟರು? ಎಲ್ಲಕ್ಕಿಂತ ಮೊದಲು, ಎರಡು ಸಲ ಪ್ರಧಾನಿ ಆದವರು ರಾಯಭಾರಿಯಾಗಿ ಹೋದದ್ದೇಕೆ? ಉತ್ತರ ಬೇಕಾದರೆ ಅವರ ದಾರಿಯನ್ನು ಮೊದಲಿಂದ ನೋಡಬೇಕು.

ಮೊದಲು ರಾಜತಾಂತ್ರಿಕ, ಆಮೇಲೆ ರಾಜಕಾರಣಿ

ರಡ್ ರಾಜಕಾರಣದಿಂದ ರಾಜತಾಂತ್ರಿಕತೆಗೆ ಬಂದವರು ಎಂದು ಎಲ್ಲ ಕಡೆ ಬರೆಯುತ್ತಾರೆ. ನಿಜ ಹೇಳಬೇಕೆಂದರೆ ಅವರು ಹೊರಟಿದ್ದೇ ರಾಜತಾಂತ್ರಿಕತೆಯಿಂದ.

ಹುಟ್ಟಿದ್ದು 1957ರಲ್ಲಿ, ಕ್ವೀನ್ಸ್‌ಲ್ಯಾಂಡ್ ರಾಜ್ಯದ ನ್ಯಾಂಬೋರ್ ಎಂಬ ಊರಿನಲ್ಲಿ. ಅಪ್ಪ ಬೇರೆಯವರ ಜಮೀನಿನಲ್ಲಿ ಪಾಲಿನ ಲೆಕ್ಕದಲ್ಲಿ ಹೈನುಗಾರಿಕೆ ಮಾಡುತ್ತಿದ್ದರು. ರಡ್‌ಗೆ 11 ವರ್ಷ ಇದ್ದಾಗ, ರಸ್ತೆ ಅಪಘಾತದಲ್ಲಿ ಗಾಯಗೊಂಡಿದ್ದ ಅಪ್ಪ ತೀರಿಕೊಂಡರು. ಜಮೀನು ತಮ್ಮದಲ್ಲದ್ದರಿಂದ ಕುಟುಂಬ ಅಲ್ಲಿಂದ ಜಾಗ ಖಾಲಿ ಮಾಡಬೇಕಾಯಿತು. ಮುಂದೆ ಕ್ಯಾನ್ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಚೀನೀ ಭಾಷೆ, ಚೀನಾ ಇತಿಹಾಸ ಓದಿದರು. 1981ರಲ್ಲಿ ವಿದೇಶಾಂಗ ಇಲಾಖೆ ಸೇರಿದರು. ಸ್ಟಾಕ್‌ಹೋಮ್‌ನಲ್ಲಿ, ಆಮೇಲೆ ಬೀಜಿಂಗ್‌ನಲ್ಲಿ ಕೆಲಸ ಮಾಡಿದರು.

1988ರಲ್ಲಿ ಇಲಾಖೆ ಬಿಟ್ಟು ಕ್ವೀನ್ಸ್‌ಲ್ಯಾಂಡ್‌ನ ಲೇಬರ್ ನಾಯಕ ವೇಯ್ನ್ ಗಾಸ್ ಅವರ ಕಚೇರಿ ಸೇರಿದರು. ಮರುವರ್ಷ ಗಾಸ್ ಆ ರಾಜ್ಯದ ಮುಖ್ಯಸ್ಥರಾದರು, ರಡ್ ಅವರ ಬಲಗೈಯಾದರು. 1996ರಲ್ಲಿ ಬ್ರಿಸ್ಬೇನ್‌ನ ಗ್ರಿಫಿತ್ ಕ್ಷೇತ್ರದಿಂದ ಸಂಸತ್ತಿಗೆ ನಿಂತು ಸೋತರು. 1998ರಲ್ಲಿ ಅಲ್ಲಿಂದಲೇ ಗೆದ್ದರು.

ಹೆಸರು ಬಂದದ್ದು ಗೋಧಿ ಹಗರಣದಿಂದ. ಆಸ್ಟ್ರೇಲಿಯಾದ ಗೋಧಿ ರಫ್ತು ಸಂಸ್ಥೆ ಎಡಬ್ಲ್ಯುಬಿ, ಸದ್ದಾಂ ಹುಸೇನ್ ಸರ್ಕಾರಕ್ಕೆ ಸಾಗಣೆ ವೆಚ್ಚದ ಹೆಸರಿನಲ್ಲಿ ಲಂಚ ಕೊಟ್ಟಿತ್ತು. ವಿರೋಧ ಪಕ್ಷದಲ್ಲಿದ್ದ ರಡ್ ಸಂಸತ್ತಿನಲ್ಲಿ ದಿನಾ ಅದನ್ನೇ ಎತ್ತಿ ಸರ್ಕಾರದ ಬೆವರಿಳಿಸಿದರು. 2006ರ ಡಿಸೆಂಬರ್‌ನಲ್ಲಿ ಕಿಮ್ ಬೀಝ್ಲಿ ಅವರನ್ನು ಸೋಲಿಸಿ ಪಕ್ಷದ ನಾಯಕರಾದರು. 2007ರ ನವೆಂಬರ್ ಚುನಾವಣೆಯಲ್ಲಿ ಜಾನ್ ಹೊವಾರ್ಡ್ ಅವರ 11 ವರ್ಷಗಳ ಆಡಳಿತ ಕೊನೆಯಾಯಿತು.

ಎರಡು ಸಲ ಕುರ್ಚಿ, ಎರಡು ಸಲ ಪತನ

ಪ್ರಧಾನಿಯಾಗಿ ರಡ್ ಮಾಡಿದ ಒಂದು ಕೆಲಸವನ್ನು ಆಸ್ಟ್ರೇಲಿಯಾ ಮರೆಯುವುದಿಲ್ಲ. ಮೂಲನಿವಾಸಿಗಳ ಮಕ್ಕಳನ್ನು ದಶಕಗಟ್ಟಲೆ ತಂದೆತಾಯಿಯಿಂದ ಕಿತ್ತುಕೊಂಡು ಹೋಗಿದ್ದಕ್ಕೆ 2008ರ ಫೆಬ್ರುವರಿ 13ರಂದು ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಹಿಂದಿನ ಸರ್ಕಾರ ವರ್ಷಗಳ ಕಾಲ ಒಪ್ಪದೇ ಇದ್ದ ಕೆಲಸ ಅದು. ಅದೇ ವರ್ಷ ಜಗತ್ತಿನ ಬ್ಯಾಂಕುಗಳು ಕುಸಿದಾಗ ಅವರ ಸರ್ಕಾರ ಮೊದಲು 1,040 ಕೋಟಿ, ಆಮೇಲೆ 4,200 ಕೋಟಿ ಆಸ್ಟ್ರೇಲಿಯನ್ ಡಾಲರ್ ಖರ್ಚಿಗೆ ಇಳಿಯಿತು. ಶ್ರೀಮಂತ ದೇಶಗಳ ಪೈಕಿ ಆರ್ಥಿಕ ಹಿಂಜರಿತದಿಂದ ತಪ್ಪಿಸಿಕೊಂಡ ಕೆಲವೇ ದೇಶಗಳಲ್ಲಿ ಆಸ್ಟ್ರೇಲಿಯಾ ಒಂದಾಯಿತು.

ಹಾಗಿದ್ದೂ ಎರಡೂವರೆ ವರ್ಷದಲ್ಲಿ ಕುರ್ಚಿ ಹೋಯಿತು. ಇಂಗಾಲ ಮಾಲಿನ್ಯ ತಗ್ಗಿಸುವ ಮಸೂದೆಯನ್ನು ಪಕ್ಕಕ್ಕಿಟ್ಟರು, ಜನಪ್ರಿಯತೆ ಇಳಿಯಿತು. ಗಣಿ ಕಂಪನಿಗಳ ಮೇಲೆ ಹೊಸ ತೆರಿಗೆ ಹಾಕಲು ಹೋದರು, ಕಂಪನಿಗಳು ಜಾಹೀರಾತಿನ ಯುದ್ಧವನ್ನೇ ಸಾರಿದವು. ಪಕ್ಷದೊಳಗೆ ಇನ್ನೊಂದು ದೂರು ಬೆಳೆಯುತ್ತಿತ್ತು: ರಡ್ ಯಾರ ಮಾತನ್ನೂ ಕೇಳುವುದಿಲ್ಲ, ಎಲ್ಲ ತೀರ್ಮಾನ ಮೂರ್ನಾಲ್ಕು ಜನರೊಳಗೇ ಮುಗಿಯುತ್ತದೆ. 2010ರ ಜೂನ್ 24ರಂದು ಉಪಪ್ರಧಾನಿ ಜೂಲಿಯಾ ಗಿಲ್ಲಾರ್ಡ್ ಅವರ ಜಾಗಕ್ಕೆ ಬಂದರು. ತಮಗೆ ಬೆಂಬಲ ಇಲ್ಲವೆಂದು ಗೊತ್ತಾಗಿ ರಡ್ ಮತಕ್ಕೆ ನಿಲ್ಲಲೇ ಇಲ್ಲ.

ಮುಂದೆ ಅದೇ ಗಿಲ್ಲಾರ್ಡ್ ಸರ್ಕಾರದಲ್ಲಿ ವಿದೇಶಾಂಗ ಸಚಿವರಾದರು. 2012ರ ಫೆಬ್ರುವರಿಯಲ್ಲಿ ಪ್ರವಾಸದಲ್ಲಿದ್ದಾಗ, ವಾಷಿಂಗ್ಟನ್‌ನಲ್ಲಿ ಮಧ್ಯರಾತ್ರಿ ದಾಟಿದ ಮೇಲೆ ಪತ್ರಕರ್ತರನ್ನು ಕರೆದು ರಾಜೀನಾಮೆ ಘೋಷಿಸಿದರು. ನಾಯಕತ್ವಕ್ಕೆ ಸವಾಲು ಹಾಕಿ 71–31ರಲ್ಲಿ ಸೋತರು. 2013ರ ಜೂನ್‌ನಲ್ಲಿ 57–45ರಲ್ಲಿ ಗೆದ್ದು ಮತ್ತೆ ಪ್ರಧಾನಿಯಾದರು. ಸೆಪ್ಟೆಂಬರ್ ಚುನಾವಣೆಯಲ್ಲಿ ಟೋನಿ ಅಬಾಟ್ ಎದುರು ಸೋತರು, ವರ್ಷ ಮುಗಿಯುವ ಮೊದಲೇ ಸಂಸತ್ತು ಬಿಟ್ಟರು.

ಆ ಎರಡನೇ ಸರದಿಯ ಒಂದು ವಿವರ ಇಲ್ಲಿ ಮುಖ್ಯ. ಆಗ ಉಪಪ್ರಧಾನಿ ಆಗಿದ್ದವರು ಆಂಥೊನಿ ಆಲ್ಬನೀಸಿ. 2012ರ ಪಕ್ಷದ ಜಗಳದಲ್ಲೂ ಆಲ್ಬನೀಸಿ ರಡ್ ಪರ ನಿಂತವರು, ಅದನ್ನು ಹೇಳುವಾಗ ಕ್ಯಾಮೆರಾ ಮುಂದೆಯೇ ಕಣ್ಣು ತುಂಬಿಕೊಂಡವರು. ಪಕ್ಷ ತನ್ನ ಪ್ರಧಾನಿಯನ್ನು ರಾತ್ರೋರಾತ್ರಿ ಇಳಿಸದಂತೆ ನಿಯಮ ಬಿಗಿ ಮಾಡಿದ್ದು 2013ರಲ್ಲಿ ರಡ್. ಆ ನಿಯಮದ ನೆರಳು ಇವತ್ತು ಆಲ್ಬನೀಸಿ ಅವರಿಗೂ ಇದೆ. 2025ರಲ್ಲಿ ಪ್ರಧಾನಿ ತಮ್ಮ ರಾಯಭಾರಿಯನ್ನು ಯಾಕೆ ಕೈಬಿಡಲಿಲ್ಲ ಎಂಬುದಕ್ಕೆ ಅರ್ಧ ಉತ್ತರ ಈ ಹಳೆಯ ಋಣಾನುಬಂಧದಲ್ಲಿದೆ.

ತೊಡಕಾಗಿದ್ದು ಹಳೆಯ ಮಾತುಗಳು

ರಡ್ ಮಾತು ನುಂಗುವವರಲ್ಲ. 2008ರ ಏಪ್ರಿಲ್‌ನಲ್ಲಿ, ಬೀಜಿಂಗ್ ಒಲಿಂಪಿಕ್ಸ್‌ಗೆ ಕೆಲವೇ ತಿಂಗಳಿದ್ದಾಗ, ಪೀಕಿಂಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮುಂದೆ ಚೀನೀ ಭಾಷೆಯಲ್ಲೇ ಭಾಷಣ ಮಾಡಿದರು. ಟಿಬೆಟ್‌ನಲ್ಲಿ ಮಾನವ ಹಕ್ಕುಗಳ ಸಮಸ್ಯೆ ಇದೆ ಎಂದು ಅವರ ನೆಲದಲ್ಲೇ, ಅವರ ಭಾಷೆಯಲ್ಲೇ ಹೇಳಿದರು. ಇದಕ್ಕೆ ಧೈರ್ಯ ಬೇಕು.

ಅಧಿಕಾರ ಹೋದ ಮೇಲೂ ಬಾಯಿ ಕಟ್ಟಲಿಲ್ಲ. ಅಮೆರಿಕದ ಚಿಂತಕರ ಚಾವಡಿಯಲ್ಲಿ ಕೂತು ಚೀನಾ–ಅಮೆರಿಕ ಸಂಬಂಧದ ಬಗ್ಗೆ ಬರೆದರು, ಷಿ ಜಿನ್‌ಪಿಂಗ್ ಅವರ ಚಿಂತನೆ ಕುರಿತು ಆಕ್ಸ್‌ಫರ್ಡ್‌ನಲ್ಲಿ ಸಂಶೋಧನೆ ಮಾಡಿ 2022ರಲ್ಲಿ ಡಾಕ್ಟರೇಟ್ ಪಡೆದರು. 2020ರಲ್ಲಿ ರೂಪರ್ಟ್ ಮರ್ಡಾಕ್ ಮಾಧ್ಯಮ ಸಮೂಹದ ಮೇಲೆ ತನಿಖೆ ಆಗಲಿ ಎಂದು ಅರ್ಜಿ ಹಾಕಿ 5 ಲಕ್ಷಕ್ಕೂ ಜಾಸ್ತಿ ಸಹಿ ಸಂಗ್ರಹಿಸಿದರು. ಅದೇ ವರ್ಷ ಟ್ವಿಟರ್‌ನಲ್ಲಿ ಟ್ರಂಪ್ ಅವರನ್ನು ಇತಿಹಾಸದ ಅತ್ಯಂತ ವಿನಾಶಕಾರಿ ಅಧ್ಯಕ್ಷ ಎಂದು ಬರೆದರು. ಪಶ್ಚಿಮದ ದೇಶಗಳಿಗೆ ದ್ರೋಹ ಬಗೆದವರು ಎಂದೂ ಕರೆದರು.

ಆಗ ಅವರು ಖಾಸಗಿ ಪ್ರಜೆ. ಬಯ್ಯುವ ಹಕ್ಕು ಇತ್ತು, ಬಯ್ದರು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. 2024ರ ಮಾರ್ಚ್‌ನಲ್ಲಿ ಬ್ರಿಟನ್ನಿನ ರಾಜಕಾರಣಿ ನೈಜೆಲ್ ಫರಾಜ್ ಟಿವಿ ಸಂದರ್ಶನದಲ್ಲಿ ಇದನ್ನು ಟ್ರಂಪ್ ಕಿವಿಗೆ ಹಾಕಿದರು. ಆತ ವೈರ ಇಟ್ಟುಕೊಂಡಿದ್ದರೆ ಅಲ್ಲಿ ಜಾಸ್ತಿ ದಿನ ಇರುವುದಿಲ್ಲ ಎಂದು ಟ್ರಂಪ್ ಉತ್ತರಿಸಿದರು. ಆ ನವೆಂಬರ್‌ನಲ್ಲಿ ಟ್ರಂಪ್ ಗೆದ್ದ ಕೂಡಲೇ ರಡ್ ಹಳೆಯ ಟ್ವೀಟ್‌ಗಳನ್ನು ಅಳಿಸಿದರು, ಅಧ್ಯಕ್ಷ ಸ್ಥಾನದ ಮೇಲಿನ ಗೌರವದಿಂದ ಅಳಿಸಿದ್ದಾಗಿ ಹೇಳಿದರು. ಅಷ್ಟರಲ್ಲಿ ಅವುಗಳ ಪ್ರತಿ ಎಲ್ಲರ ಬಳಿ ಇತ್ತು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ವೃತ್ತಿಪರ ರಾಜತಾಂತ್ರಿಕನಿಗೂ ಅಭಿಪ್ರಾಯಗಳು ಇರುತ್ತವೆ. ಅವನು ಅವನ್ನು ಗುಟ್ಟಿನ ವರದಿಯಲ್ಲಿ ಬರೆಯುತ್ತಾನೆ, ಬೀದಿಯಲ್ಲಿ ಹೇಳುವುದಿಲ್ಲ. ರಾಜಕಾರಣಿ ಬೆಳೆಯುವುದೇ ಬೀದಿಯಲ್ಲಿ ಹೇಳಿ. ಮೂವತ್ತು ವರ್ಷ ಮಾತಾಡಿ ಹೆಸರು ಮಾಡಿದವರನ್ನು ರಾಯಭಾರಿ ಮಾಡಿದರೆ, ಆ ಹೆಸರಿನ ಜೊತೆ ಆ ಮೂವತ್ತು ವರ್ಷದ ಮಾತೂ ವಿಮಾನ ಹತ್ತುತ್ತದೆ.

ಹಾಗಾದರೆ ರಾಜಕಾರಣಿಯನ್ನೇ ಯಾಕೆ ಕಳಿಸುತ್ತಾರೆ?

ಇದು ರಡ್ ಒಬ್ಬರ ಕಥೆ ಅಲ್ಲ. 1940ರಲ್ಲಿ ಆಸ್ಟ್ರೇಲಿಯಾ ವಾಷಿಂಗ್ಟನ್‌ಗೆ ಮೊದಲ ಪ್ರತಿನಿಧಿಯನ್ನು ಕಳಿಸಿದಾಗಲೇ ಆರಿಸಿದ್ದು ಮಂತ್ರಿಯಾಗಿದ್ದ ರಿಚರ್ಡ್ ಕೇಸಿ ಅವರನ್ನು. (ಇದೇ ಕೇಸಿ ಮುಂದೆ 1944ರಿಂದ 1946ರವರೆಗೆ ನಮ್ಮ ಬಂಗಾಳ ಪ್ರಾಂತ್ಯದ ಗವರ್ನರ್ ಆಗಿದ್ದರು.) 1951ರಲ್ಲಿ ಪರ್ಸಿ ಸ್ಪೆಂಡರ್ ಹೋದರು. ಅಮೆರಿಕದ ಜೊತೆಗಿನ ಆನ್ಝಸ್ ರಕ್ಷಣಾ ಒಪ್ಪಂದಕ್ಕೆ ವಿದೇಶಾಂಗ ಸಚಿವರಾಗಿ ಮಾತುಕತೆ ನಡೆಸಿದವರೂ ಅವರೇ, ರಾಯಭಾರಿಯಾಗಿ ಸಹಿ ಹಾಕಿದವರೂ ಅವರೇ.

2010ರಿಂದ ಈಚೆಗಂತೂ ಸಾಲಾಗಿ ನಾಲ್ವರು ರಾಜಕಾರಣಿಗಳು: ಕಿಮ್ ಬೀಝ್ಲಿ, ಜೋ ಹಾಕಿ, ಆರ್ಥರ್ ಸಿನೊಡಿನೊಸ್, ಕೆವಿನ್ ರಡ್. ಬೀಝ್ಲಿ ಅಂದರೆ 2006ರಲ್ಲಿ ರಡ್ ಸೋಲಿಸಿದ ಅದೇ ನಾಯಕ. ಅವರನ್ನು ಆ ಹುದ್ದೆಗೆ ಆರಿಸಿದ್ದು ರಡ್ ಸರ್ಕಾರವೇ. ನಮ್ಮಲ್ಲೂ ಇದು ಹೊಸತಲ್ಲ. ವಾಷಿಂಗ್ಟನ್‌ಗೆ ಭಾರತ ವಿಜಯಲಕ್ಷ್ಮಿ ಪಂಡಿತ್, ಕರಣ್ ಸಿಂಗ್, ಸಿದ್ಧಾರ್ಥ ಶಂಕರ್ ರೇ ಅವರನ್ನು ಕಳಿಸಿದ್ದಿದೆ.

ಕಾರಣ ಸರಳ. ವಾಷಿಂಗ್ಟನ್‌ನಲ್ಲಿ ನೂರಾರು ರಾಯಭಾರಿಗಳಿದ್ದಾರೆ. ಒಬ್ಬ ಸೆನೆಟರ್ ಬಳಿ ಹದಿನೈದು ನಿಮಿಷ ಸಿಗಲು ಎಲ್ಲರೂ ಸಾಲಿನಲ್ಲಿ ನಿಲ್ಲಬೇಕು. ಮಾಜಿ ಪ್ರಧಾನಿಯ ಫೋನ್ ಬಂದರೆ ಎತ್ತುತ್ತಾರೆ. ಚೀನಾ ಬಗ್ಗೆ ತಿಳಿದವರ ಫೋನ್ ಆದರಂತೂ ತಾವೇ ಕರೆಸಿಕೊಳ್ಳುತ್ತಾರೆ. ಇನ್ನೊಂದು ಕಾರಣ: ರಾಜಕಾರಣಿಗೆ ತನ್ನ ಪ್ರಧಾನಿಯ ಜೊತೆ ನೇರ ಸಂಪರ್ಕ ಇರುತ್ತದೆ. ಅವನಿಗೆ ಹೇಳಿದ ಮಾತು ಆ ರಾತ್ರಿಯೇ ಕ್ಯಾನ್ಬೆರಾಕ್ಕೆ ಮುಟ್ಟುತ್ತದೆ ಎಂದು ಎದುರಿಗಿರುವವರಿಗೆ ಗೊತ್ತು.

ವೈಯಕ್ತಿಕ ಪರಿಚಯ ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಜೋ ಹಾಕಿ ಕಾಲದ್ದೇ ಉದಾಹರಣೆ ಇದೆ. 2016ರಲ್ಲಿ ಟ್ರಂಪ್ ಗೆದ್ದಾಗ ಅವರ ಮೊಬೈಲ್ ನಂಬರ್ ಆಸ್ಟ್ರೇಲಿಯಾಕ್ಕೆ ಸಿಕ್ಕಿದ್ದು ಗಾಲ್ಫ್ ಆಟಗಾರ ಗ್ರೆಗ್ ನಾರ್ಮನ್ ಮೂಲಕ. 2018ರಲ್ಲಿ ಟ್ರಂಪ್ ಉಕ್ಕಿನ ಮೇಲೆ ಸುಂಕ ಹಾಕಿದಾಗ ಆಸ್ಟ್ರೇಲಿಯಾ ವಿನಾಯಿತಿ ಪಡೆಯಿತು. 2025ರಲ್ಲಿ ಜನ ಹೋಲಿಸಿ ನೋಡಿದ್ದು ಇದನ್ನೇ.

ಲೆಕ್ಕ ಹಾಕಿದರೆ ಏನು ಸಿಗುತ್ತದೆ?

ರಡ್ 2023ರ ಮಾರ್ಚ್‌ನಲ್ಲಿ ಕೆಲಸ ಶುರು ಮಾಡಿದರು. ಅದೇ ತಿಂಗಳು ಆಕಸ್, ಅಂದರೆ ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕ ಸೇರಿ ಮಾಡಿಕೊಂಡ ರಕ್ಷಣಾ ಯೋಜನೆಯ ವಿವರ ಹೊರಬಿತ್ತು. ಆಸ್ಟ್ರೇಲಿಯಾ ಅಮೆರಿಕದಿಂದ ಕನಿಷ್ಠ ಮೂರು ವರ್ಜೀನಿಯಾ ಮಾದರಿಯ ಪರಮಾಣು ಚಾಲಿತ ಸಬ್‌ಮರೀನ್ ಕೊಳ್ಳುತ್ತದೆ, ಮುಂದೆ ಬ್ರಿಟನ್ ಜೊತೆ ಸೇರಿ ಹೊಸ ಮಾದರಿ ಕಟ್ಟುತ್ತದೆ. ಮೂವತ್ತು ವರ್ಷಗಳ ಒಟ್ಟು ವೆಚ್ಚ 36,800 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ಹೋಗಬಹುದು ಎಂದು ಸರ್ಕಾರವೇ ಅಂದಾಜು ಮಾಡಿತು.

ಘೋಷಣೆ ಮಾಡುವುದು ಸುಲಭ. ಆದರೆ ಅಮೆರಿಕದ ಸಬ್‌ಮರೀನ್ ಬೇರೆ ದೇಶಕ್ಕೆ ಕೊಡಬೇಕಾದರೆ ಅಲ್ಲಿನ ಕಾಂಗ್ರೆಸ್ ಕಾನೂನು ಮಾಡಬೇಕು. ನಮ್ಮ ನೌಕಾಪಡೆಗೇ ಸಾಲದಿರುವಾಗ ಬೇರೆಯವರಿಗೆ ಯಾಕೆ ಎಂದು ರೋಜರ್ ವಿಕರ್‌ರಂಥ ರಿಪಬ್ಲಿಕನ್ ಸೆನೆಟರ್‌ಗಳು ಪಟ್ಟು ಹಿಡಿದಿದ್ದರು. ರಡ್ ಮತ್ತು ಅವರ ಕಚೇರಿಯವರು ತಿಂಗಳುಗಟ್ಟಲೆ ಸದಸ್ಯರ ಬಾಗಿಲು ತಟ್ಟಿದರು. 2023ರ ಡಿಸೆಂಬರ್‌ನಲ್ಲಿ, ಎರಡೂ ಪಕ್ಷಗಳ ಮತದಿಂದ, ಮೂರು ಸಬ್‌ಮರೀನ್ ಮಾರಲು ಅನುಮತಿ ಸಿಕ್ಕಿತು. 2024ರಲ್ಲಿ ರಕ್ಷಣಾ ತಂತ್ರಜ್ಞಾನ ರಫ್ತಿನ ಕಟ್ಟುನಿಟ್ಟೂ ಸಡಿಲವಾಯಿತು.

ಎರಡನೆಯದು ಜೂಲಿಯನ್ ಅಸಾಂಜ್ ಬಿಡುಗಡೆ. 2024ರ ಜೂನ್ 26ರಂದು ಪೆಸಿಫಿಕ್ ಸಾಗರದ ಸೈಪಾನ್ ದ್ವೀಪದ ಅಮೆರಿಕನ್ ನ್ಯಾಯಾಲಯದಲ್ಲಿ ಅಸಾಂಜ್ ಒಂದು ಆರೋಪ ಒಪ್ಪಿಕೊಂಡು ಮನೆಗೆ ಹೊರಟಾಗ, ಅಲ್ಲಿ ಅವರ ಜೊತೆ ಇದ್ದವರಲ್ಲಿ ರಡ್ ಒಬ್ಬರು. ಇದೇ ಅಸಾಂಜ್‌ರ ವಿಕಿಲೀಕ್ಸ್ 2010ರಲ್ಲಿ ರಡ್ ಅವರ ಗುಟ್ಟಿನ ಮಾತನ್ನೂ ಹೊರಗೆ ಹಾಕಿತ್ತು. ಚೀನಾ ವಿಷಯದಲ್ಲಿ ಎಲ್ಲ ಕೈಮೀರಿದರೆ ಬಲ ಪ್ರಯೋಗಕ್ಕೂ ಸಿದ್ಧರಿರಬೇಕು ಎಂದು 2009ರಲ್ಲಿ ಹಿಲರಿ ಕ್ಲಿಂಟನ್‌ಗೆ ಹೇಳಿದ್ದ ಮಾತದು. ರಡ್ ಚೀನಾ ಪರ ಎಂದು ಸುಮ್ನೆ ಹಣೆಪಟ್ಟಿ ಹಚ್ಚುವವರು ಇದನ್ನು ಓದಬೇಕು.

ಮೂರನೆಯದು ಅಕ್ಟೋಬರ್ 2025ರ ಖನಿಜ ಒಪ್ಪಂದ. ಎರಡೂ ದೇಶಗಳು ಆರು ತಿಂಗಳೊಳಗೆ ತಲಾ 100 ಕೋಟಿ ಡಾಲರ್‌ಗಿಂತ ಜಾಸ್ತಿ ಹೂಡಬೇಕು ಎಂದು ಅದು ಹೇಳುತ್ತದೆ. ಅಪರೂಪದ ಲೋಹಗಳ ಸಂಸ್ಕರಣೆ ಹೆಚ್ಚುಕಡಿಮೆ ಚೀನಾದ ಮುಷ್ಟಿಯಲ್ಲಿದೆ, ಆ ಹಿಡಿತದಿಂದ ಅಮೆರಿಕಕ್ಕೆ ಬಿಡುಗಡೆ ಬೇಕು. ಆಸ್ಟ್ರೇಲಿಯಾದ ನೆಲದಲ್ಲಿ ಅದಿರಿದೆ. ಟ್ರಂಪ್‌ಗೆ ಬೇಕಾದ ವಸ್ತು ಯಾವುದು ಎಂದು ಗುರುತಿಸಿ ಅದನ್ನೇ ಮೇಜಿನ ಮೇಲೆ ಇಟ್ಟದ್ದರಲ್ಲಿ ರಡ್ ಪಾತ್ರ ದೊಡ್ಡದು ಎಂದು ಸರ್ಕಾರ ಹೇಳುತ್ತದೆ.

ಟೀಕಾಕಾರರ ವಾದವೂ ಗಟ್ಟಿಯಾಗಿಯೇ ಇದೆ. 2025ರ ಮಾರ್ಚ್‌ನಲ್ಲಿ ಉಕ್ಕು ಮತ್ತು ಅಲ್ಯೂಮಿನಿಯಂ ಮೇಲೆ ಶೇ 25ರಷ್ಟು ಸುಂಕ ಬಿದ್ದಾಗ ಆಸ್ಟ್ರೇಲಿಯಾಕ್ಕೆ ಹಿಂದಿನಂತೆ ವಿನಾಯಿತಿ ಸಿಗಲಿಲ್ಲ, ಜೂನ್‌ನಲ್ಲಿ ಅದು ಶೇ 50 ಆಯಿತು. ಟ್ರಂಪ್ ಅಧಿಕಾರಕ್ಕೆ ಬಂದು ಒಂಬತ್ತು ತಿಂಗಳಾದರೂ ಇಬ್ಬರು ನಾಯಕರ ಮುಖಾಮುಖಿ ಮಾತುಕತೆ ನಡೆದಿರಲಿಲ್ಲ. ಬಾಗಿಲು ತೆರೆಸಬೇಕಾದ ರಾಯಭಾರಿಗೇ ಬಾಗಿಲು ಮುಚ್ಚಿದೆ ಎಂದು ವಿರೋಧ ಪಕ್ಷ ಆರೋಪಿಸಿತು.

ಈ ಆರೋಪವನ್ನು ಪೂರ್ತಿ ಒಪ್ಪುವುದು ಕಷ್ಟ. ಆ ಮಾರ್ಚ್‌ನಲ್ಲಿ ಯಾವ ದೇಶಕ್ಕೂ ವಿನಾಯಿತಿ ಸಿಗಲಿಲ್ಲ, ಟ್ರಂಪ್ ಜೊತೆ ಸ್ನೇಹ ಇದ್ದವರಿಗೂ ಸಿಗಲಿಲ್ಲ. ಉಳಿದ ಸರಕಿನ ಮೇಲೆ ಆಸ್ಟ್ರೇಲಿಯಾಕ್ಕೆ ಬಿದ್ದದ್ದು ಎಲ್ಲರಿಗಿಂತ ಕಡಿಮೆ ದರ, ಶೇ 10. ಜೂನ್‌ನಲ್ಲಿ ಕೆನಡಾದ ಜಿ7 ಸಭೆಯಲ್ಲಿ ನಿಗದಿಯಾಗಿದ್ದ ಭೇಟಿ ತಪ್ಪಿದ್ದು ಟ್ರಂಪ್ ಸಭೆ ಬಿಟ್ಟು ಬೇಗ ಹೊರಟಿದ್ದರಿಂದ. ರಡ್ ಜಾಗದಲ್ಲಿ ಬೇರೆಯವರು ಇದ್ದಿದ್ದರೆ ಮುಜುಗರ ಕಡಿಮೆ ಆಗುತ್ತಿತ್ತು ಎಂಬುದು ಖಂಡಿತ. ಸುಂಕ ಕಡಿಮೆ ಆಗುತ್ತಿತ್ತು ಎನ್ನಲು ಆಧಾರ ಕಾಣುವುದಿಲ್ಲ.

ಟ್ರಂಪ್ ಯಾಕೆ ಹೊರಗೆ ಹಾಕಲಿಲ್ಲ?

1961ರ ವಿಯೆನ್ನಾ ಒಪ್ಪಂದದ ಪ್ರಕಾರ ಯಾವ ದೇಶವೂ ರಾಯಭಾರಿಯನ್ನು ಕಳಿಸುವ ಮೊದಲು ಆ ಕಡೆಯ ಒಪ್ಪಿಗೆ ಪಡೆಯಬೇಕು. ರಡ್‌ಗೆ ಒಪ್ಪಿಗೆ ಕೊಟ್ಟಿದ್ದು ಬೈಡನ್ ಸರ್ಕಾರ. ಅದೇ ಒಪ್ಪಂದದ 9ನೇ ವಿಧಿ, ಕಾರಣವನ್ನೂ ಹೇಳದೆ ಯಾವಾಗ ಬೇಕಾದರೂ ರಾಯಭಾರಿಯನ್ನು ಬೇಡ ಎನ್ನುವ ಅಧಿಕಾರ ಕೊಡುತ್ತದೆ. ಅಂದರೆ ಟ್ರಂಪ್ ಮನಸ್ಸು ಮಾಡಿದ್ದರೆ ಒಂದೇ ದಿನದ ಕೆಲಸ.

2019ರಲ್ಲಿ ಬ್ರಿಟನ್‌ಗೆ ಏನಾಯಿತು ನೋಡಿ. ಅದರ ರಾಯಭಾರಿ ಕಿಮ್ ಡ್ಯಾರೊಕ್ ರಾಜಕಾರಣಿಯಲ್ಲ, ಅಪ್ಪಟ ವೃತ್ತಿಪರ. ಟ್ರಂಪ್ ಆಡಳಿತಕ್ಕೆ ಸಾಮರ್ಥ್ಯವಿಲ್ಲ ಎಂದು ಗುಟ್ಟಾಗಿ ಬರೆದ ವರದಿಗಳು ಸೋರಿಕೆಯಾದವು. ಇನ್ನು ಅವರ ಜೊತೆ ವ್ಯವಹರಿಸುವುದಿಲ್ಲ ಎಂದು ಟ್ರಂಪ್ ಸಾರಿದರು. ಮುಂದೆ ಪ್ರಧಾನಿ ಆಗಲಿದ್ದ ಬೋರಿಸ್ ಜಾನ್ಸನ್ ಬೆನ್ನಿಗೆ ನಿಲ್ಲಲಿಲ್ಲ. ಡ್ಯಾರೊಕ್ ರಾಜೀನಾಮೆ ಕೊಟ್ಟರು.

ಎರಡನ್ನೂ ಪಕ್ಕಪಕ್ಕ ಇಟ್ಟರೆ ವಿಷಯ ಸ್ಪಷ್ಟ. ಬಾಯಿ ಬಿಗಿ ಹಿಡಿದಿದ್ದ ವೃತ್ತಿಪರನ ಕುರ್ಚಿ ಹೋಯಿತು. ಬಹಿರಂಗವಾಗಿ ಬಯ್ದಿದ್ದ ರಾಜಕಾರಣಿಯದು ಉಳಿಯಿತು. ಅವರವರ ತವರಿನ ನಾಯಕರು ನಿಂತ ರೀತಿಯೇ ಬೇರೆಯಾಗಿತ್ತು. ಆಲ್ಬನೀಸಿ 2025ರ ಮೇ ತಿಂಗಳಲ್ಲಷ್ಟೇ ಭಾರಿ ಬಹುಮತದಿಂದ ಗೆದ್ದಿದ್ದರು. ಹಳೆಯ ಗೆಳೆಯನನ್ನು ಬಿಟ್ಟುಕೊಡುವ ಒತ್ತಡ ಅವರ ಮೇಲಿರಲಿಲ್ಲ. ಅಕ್ಟೋಬರ್‌ನ ಆ ಸಭೆಯ ಮರುದಿನ ಆಗಿನ ವಿರೋಧ ಪಕ್ಷದ ನಾಯಕಿ ಸೂಸನ್ ಲೇ, ರಡ್ ಇನ್ನು ಆ ಹುದ್ದೆಯಲ್ಲಿ ಮುಂದುವರಿಯುವಂತಿಲ್ಲ ಎಂದರು. ಆದರೆ ಖನಿಜ ಒಪ್ಪಂದ ಆಗಿತ್ತು, ಆಕಸ್ ಬಗ್ಗೆ ಟ್ರಂಪ್ ಪೂರ್ತಿ ಬೆಂಬಲ ಸೂಚಿಸಿದ್ದರು. ಹಾಗಾಗಿ ಅವರ ಮಾತಿಗೆ ಅವರದೇ ಪಕ್ಷದಲ್ಲಿ ಬೆಂಬಲ ಸಿಗಲಿಲ್ಲ.

ಟ್ರಂಪ್ ಕಡೆಯಿಂದ ನೋಡಿದರೂ ಲೆಕ್ಕ ಸರಿಹೋಗುತ್ತದೆ. ಖನಿಜ ಬೇಕು. ಅಮೆರಿಕದ ಹಡಗು ಕಟ್ಟೆಗಳಿಗೆ ಆಸ್ಟ್ರೇಲಿಯಾ ಕೊಡುತ್ತಿರುವ ಹಣವೂ ಬೇಕು. 2025ರ ಫೆಬ್ರುವರಿಯಲ್ಲೇ ಮೊದಲ ಕಂತು 50 ಕೋಟಿ ಅಮೆರಿಕನ್ ಡಾಲರ್ ಬಂದಿತ್ತು. ಸಿಟ್ಟನ್ನು ಕ್ಯಾಮೆರಾ ಮುಂದೆ ತೀರಿಸಿಕೊಂಡಾಯಿತು. ಅದಕ್ಕಿಂತ ಮುಂದೆ ಹೋದರೆ ನಷ್ಟ ಅವರದೇ. ಕ್ಯಾಮೆರಾಗಳು ಹೊರಗೆ ಹೋದ ಮೇಲೆ ರಡ್ ಕ್ಷಮೆ ಕೇಳಿದರು, ಟ್ರಂಪ್ ಕ್ಷಮಿಸಿದರು ಎಂದು ವರದಿಯಾಯಿತು.

ಮತ್ತೆ ಬಿಟ್ಟಿದ್ದೇಕೆ?

ಸರ್ಕಾರ ಹೇಳುವುದು: ಇದು ರಡ್ ಅವರದೇ ತೀರ್ಮಾನ, ಟ್ರಂಪ್ ವಿಷಯಕ್ಕೂ ಇದಕ್ಕೂ ಸಂಬಂಧವಿಲ್ಲ. ವಿರೋಧಿಗಳು ಹೇಳುವುದು: ಅಧ್ಯಕ್ಷನ ಕೋಣೆಗೆ ಹೋಗಲಾಗದ ರಾಯಭಾರಿ ಕೊನೆಗೂ ಜಾಗ ಖಾಲಿ ಮಾಡಬೇಕಾಯಿತು, ಗೌರವ ಉಳಿಸಲು ಮೂರು ತಿಂಗಳು ಕಾದರು ಅಷ್ಟೇ.

ಇವೆರಡರ ನಡುವೆ ಮೂರನೆಯ ಓದು ಹೆಚ್ಚು ನಂಬುವಂತಿದೆ. ರಡ್ ಮಾಡಬೇಕೆಂದು ಬಂದ ದೊಡ್ಡ ಕೆಲಸಗಳು 2025ರ ಕೊನೆಗೆ ಒಂದು ಹಂತಕ್ಕೆ ಬಂದಿದ್ದವು. ಆಕಸ್ ಬಗ್ಗೆ ಅಮೆರಿಕದ ರಕ್ಷಣಾ ಇಲಾಖೆ ನಡೆಸುತ್ತಿದ್ದ ಪರಿಶೀಲನೆ ಡಿಸೆಂಬರ್‌ನಲ್ಲಿ ಮುಗಿಯಿತು, ಯೋಜನೆ ಉಳಿಯಿತು. ಇನ್ನೊಂದು ವರ್ಷ ಅಲ್ಲಿದ್ದರೆ ಪ್ರತಿ ಸಭೆಯಲ್ಲೂ ಪತ್ರಕರ್ತರ ಪ್ರಶ್ನೆ ಅದೇ ಇರುತ್ತಿತ್ತು. ಇನ್ನೊಂದು ಕಡೆ, ಅವರ ಜೀವಮಾನದ ವಿಷಯ ಚೀನಾ. ರಾಯಭಾರಿಯಾಗಿ ಚೀನಾ ಬಗ್ಗೆ ಬಾಯಿ ಬಿಡುವ ಮೊದಲು ಕ್ಯಾನ್ಬೆರಾ ಏನನ್ನುತ್ತದೆ ಎಂದು ಯೋಚಿಸಬೇಕು. ತೈವಾನ್ ವಿಷಯ ಬಿಸಿಯಾಗುತ್ತಿರುವಾಗ ಮುಕ್ತವಾಗಿ ಮಾತಾಡುವ ವೇದಿಕೆ ಏಷ್ಯಾ ಸೊಸೈಟಿ, ಅದೂ ಅವರು ಹಿಂದೆ ನಡೆಸಿದ ಮನೆಯೇ. ದೊಡ್ಡ ಹುದ್ದೆಯ ಆಸೆ ಅವರಿಗೆ ಯಾವತ್ತೂ ಇತ್ತು. 2016ರಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಹುದ್ದೆಗೆ ಹೆಸರು ಸೂಚಿಸಿ ಎಂದು ಕೇಳಿದಾಗ, ಆ ಹುದ್ದೆಗೆ ತಕ್ಕವರಲ್ಲ ಎಂದು ಆಗಿನ ಪ್ರಧಾನಿ ಮಾಲ್ಕಮ್ ಟರ್ನ್‌ಬುಲ್ ನಿರಾಕರಿಸಿದ್ದರು.

ನನ್ನ ದೃಷ್ಟಿಯಲ್ಲಿ ರಡ್ ಒಳ್ಳೆಯ ರಾಯಭಾರಿ. ಕೆಲಸದ ಪಟ್ಟಿ ಅದನ್ನೇ ಹೇಳುತ್ತದೆ. ಆದರೆ ಅವರನ್ನು ಆರಿಸಿದ 2022ರ ಡಿಸೆಂಬರ್‌ನಲ್ಲಿ ಟ್ರಂಪ್ ಮತ್ತೆ ಬರಬಹುದು ಎಂಬುದು ಯಾರಿಗೂ ಗೊತ್ತಿಲ್ಲದ ವಿಷಯವಾಗಿರಲಿಲ್ಲ. ಟ್ರಂಪ್ ಆ ಹೊತ್ತಿಗೆ ಮತ್ತೆ ಸ್ಪರ್ಧಿಸುವುದಾಗಿ ಘೋಷಿಸಿ ಆಗಿತ್ತು. ಆ ಟ್ವೀಟ್‌ಗಳೂ ಎಲ್ಲರ ಕಣ್ಣಮುಂದೆ ಇದ್ದವು. ಅಪಾಯ ತಿಳಿದೇ ತೆಗೆದುಕೊಂಡ ತೀರ್ಮಾನ ಅದು, ಅದರ ಹೊಣೆ ರಡ್‌ಗಿಂತ ಜಾಸ್ತಿ ಆಲ್ಬನೀಸಿ ಅವರದು.

ಭಾರತಕ್ಕೆ ನೆನಪಿರುವ ರಡ್

ದೆಹಲಿಯಲ್ಲಿ ರಡ್ ಹೆಸರು ಕೇಳಿದರೆ ಮೊದಲು ನೆನಪಾಗುವುದು ಭಾರತ, ಅಮೆರಿಕ, ಜಪಾನ್, ಆಸ್ಟ್ರೇಲಿಯಾಗಳ ಕೂಟವಾದ ಕ್ವಾಡ್. 2008ರ ಫೆಬ್ರುವರಿಯಲ್ಲಿ ಅವರ ವಿದೇಶಾಂಗ ಸಚಿವ ಸ್ಟೀಫನ್ ಸ್ಮಿತ್, ಚೀನಾದ ವಿದೇಶಾಂಗ ಸಚಿವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ನಾಲ್ಕು ದೇಶಗಳ ಮಾತುಕತೆಯನ್ನು ಮುಂದುವರಿಸುವ ಪ್ರಸ್ತಾಪ ಆಸ್ಟ್ರೇಲಿಯಾದಿಂದ ಬರುವುದಿಲ್ಲ ಎಂದರು. ಕ್ವಾಡ್ ಮುಂದಿನ ಒಂಬತ್ತು ವರ್ಷ ಮಲಗಿತು. ಆ ಹೊತ್ತಿಗೆ ಜಪಾನ್, ಭಾರತ ಎರಡಕ್ಕೂ ಉತ್ಸಾಹ ಇಳಿದಿತ್ತು, ತಪ್ಪನ್ನು ನನ್ನೊಬ್ಬನ ಮೇಲೆ ಹಾಕುವುದು ಸರಿಯಲ್ಲ ಎಂದು ರಡ್ ಆಮೇಲೆ ಬರೆದರು. ಹೊವಾರ್ಡ್ ಸರ್ಕಾರ ಒಪ್ಪಿದ್ದ ಯುರೇನಿಯಂ ಮಾರಾಟವನ್ನೂ ರಡ್ ಸರ್ಕಾರ ನಿಲ್ಲಿಸಿತು. ಪರಮಾಣು ಪ್ರಸರಣ ತಡೆ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ ಎಂಬುದು ಕಾರಣ. ಲೇಬರ್ ಪಕ್ಷ ಆ ನಿಲುವು ಬದಲಿಸಿದ್ದು 2011ರ ಕೊನೆಗೆ, ಗಿಲ್ಲಾರ್ಡ್ ಕಾಲದಲ್ಲಿ.

2009ರಲ್ಲಿ ಮೆಲ್ಬರ್ನ್‌ನಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದಾಗ ಪ್ರಧಾನಿ ಆಗಿದ್ದವರೂ ರಡ್. ಆಗ ನಮ್ಮ ವಿದೇಶಾಂಗ ಸಚಿವರು ಎಸ್.ಎಂ. ಕೃಷ್ಣ. ಆ ನವೆಂಬರ್‌ನಲ್ಲಿ ರಡ್ ದೆಹಲಿಗೆ ಬಂದರು, ಎರಡೂ ದೇಶಗಳು ಸಂಬಂಧವನ್ನು ಕಾರ್ಯತಂತ್ರದ ಪಾಲುದಾರಿಕೆಗೆ ಏರಿಸಿದವು.

ಕನ್ನಡಿಗರಿಗೆ ಇನ್ನೂ ಹತ್ತಿರದ ಸಂಗತಿ ಒಂದಿದೆ. 2007ರ ಜುಲೈನಲ್ಲಿ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬೆಂಗಳೂರಿನ ಯುವ ವೈದ್ಯರೊಬ್ಬರನ್ನು ಭಯೋತ್ಪಾದನೆಯ ಶಂಕೆಯಲ್ಲಿ ಬಂಧಿಸಿದ್ದು ಇಲ್ಲಿ ದಿನವೂ ಮುಖಪುಟದ ಸುದ್ದಿಯಾಗಿತ್ತು. ಅದು ಹೊವಾರ್ಡ್ ಸರ್ಕಾರದ ಕಾಲ. ಆರೋಪ ಬಿದ್ದುಹೋಯಿತು. ರಡ್ ಸರ್ಕಾರ ಬಂದ ಮೇಲೆ 2008ರಲ್ಲಿ ನಿವೃತ್ತ ನ್ಯಾಯಮೂರ್ತಿಯಿಂದ ಸ್ವತಂತ್ರ ತನಿಖೆ ಮಾಡಿಸಿತು. ಆ ವೈದ್ಯರ ವಿರುದ್ಧ ಸಾಕ್ಷ್ಯವೇ ಇರಲಿಲ್ಲ ಎಂದು ತನಿಖೆ ಹೇಳಿತು. ತಪ್ಪು ತಮ್ಮ ವಿರೋಧಿಗಳದ್ದಾದಾಗ ತನಿಖೆ ಮಾಡಿಸುವುದು ಸುಲಭ, ನಿಜ. ಆದರೂ ಅದರ ವರದಿ ಹೊರಬಂತಲ್ಲ, ಅದು ಮುಖ್ಯ.

ಮುಂದೆ ಏನು?

ರಡ್ ಜಾಗಕ್ಕೆ ಬರುವವರ ಮುಂದೆ ಇರುವ ಮೊದಲ ಸಮಸ್ಯೆ ಹಡಗು ಕಟ್ಟೆಯದು. ಅಮೆರಿಕ ವರ್ಷಕ್ಕೆ ಸುಮಾರು 1.2 ವರ್ಜೀನಿಯಾ ಸಬ್‌ಮರೀನ್ ಕಟ್ಟುತ್ತಿದೆ. ತನ್ನ ನೌಕಾಪಡೆಯ ಅಗತ್ಯವನ್ನೂ ಪೂರೈಸಿ ಆಸ್ಟ್ರೇಲಿಯಾಕ್ಕೂ ಕೊಡಬೇಕಾದರೆ ವರ್ಷಕ್ಕೆ 2.33 ಬೇಕು. ಈ ಅಂತರ ಕಡಿಮೆಯಾಗದಿದ್ದರೆ, ಎಷ್ಟೇ ಸ್ನೇಹವಿದ್ದರೂ ಕೊಡಲು ಹಡಗೇ ಇರುವುದಿಲ್ಲ. ಅದಕ್ಕೇ ಆಸ್ಟ್ರೇಲಿಯಾ ಅಮೆರಿಕದ ಕಾರ್ಖಾನೆಗಳಿಗೆ ಒಟ್ಟು 300 ಕೋಟಿ ಅಮೆರಿಕನ್ ಡಾಲರ್ ಕೊಡಲು ಒಪ್ಪಿರುವುದು. ನಮ್ಮ ತೆರಿಗೆ ಹಣ ಬೇರೆಯವರ ಕಾರ್ಖಾನೆಗೆ ಯಾಕೆ ಎಂಬ ಪ್ರಶ್ನೆ ಆಸ್ಟ್ರೇಲಿಯಾದೊಳಗೆ ಜೋರಾಗುತ್ತಲೇ ಇದೆ. ಹಣ ಪಡೆದ ಮೇಲೂ ಸಬ್‌ಮರೀನ್ ಕೊಡಲೇಬೇಕು ಎಂಬ ಕಟ್ಟುಪಾಡು ಅಮೆರಿಕಕ್ಕಿಲ್ಲ.

2023ರ ಡಿಸೆಂಬರ್‌ನ ಆ ಕಾನೂನಿನಲ್ಲೇ ಒಂದು ಷರತ್ತಿದೆ. ಸಬ್‌ಮರೀನ್ ಹಸ್ತಾಂತರಕ್ಕೆ 270 ದಿನ ಮುಂಚೆ, ಇದರಿಂದ ಅಮೆರಿಕದ ನೌಕಾಬಲಕ್ಕೆ ಪೆಟ್ಟಾಗುವುದಿಲ್ಲ ಎಂದು ಅಮೆರಿಕದ ಅಧ್ಯಕ್ಷರು ಕಾಂಗ್ರೆಸ್‌ಗೆ ಪ್ರಮಾಣಪತ್ರ ಕೊಡಬೇಕು. ಮೊದಲ ಸಬ್‌ಮರೀನ್ ಬರಬೇಕಿರುವುದು 2030ರ ದಶಕದ ಆರಂಭದಲ್ಲಿ. ಟ್ರಂಪ್ ಅವಧಿ 2029ರ ಜನವರಿಗೆ ಮುಗಿಯುತ್ತದೆ. ಸಹಿ ಹಾಕಬೇಕಾದವರು ಇನ್ನೂ ಆಯ್ಕೆಯೇ ಆಗಿಲ್ಲ. ಅವರು ಯಾವ ಪಕ್ಷದವರಾದರೂ, ಆ ಪ್ರಮಾಣಪತ್ರವನ್ನು ತೂಗಿ ನೋಡುವ ಸಮಿತಿಗಳಲ್ಲಿ ಇಂದಿನ ಹಲವು ಸೆನೆಟರ್‌ಗಳು ಆಗಲೂ ಇರುತ್ತಾರೆ. ರಡ್ ನಂತರದ ರಾಯಭಾರಿ ಹೆಚ್ಚು ಹೊತ್ತು ಕಳೆಯಬೇಕಾದದ್ದು ಅವರ ಕಚೇರಿಗಳಲ್ಲಿ.